ಅಗ್ಗಿಷ್ಟಿಕೆಯ ಲೆಕ್ಕ

ಮನೆಯನ್ನು ಬೆಚ್ಚಗಿಡಲು ಯಾವ ಒಲೆಗೆ ಖರ್ಚು ಕಡಿಮೆ ಎಂಬ ಪ್ರಶ್ನೆ ಶೀತದೇಶದ ಗೃಹಸ್ಥನಿಗೆ ನಮ್ಮ ಅಕ್ಕಿಯ ಧಾರಣೆಯಷ್ಟೇ ದೊಡ್ಡದು. ಅದಕ್ಕೆ ಲೆಕ್ಕ ಕಟ್ಟಿ ಉತ್ತರ ಕೊಡಹೊರಟವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ತಾನು ರಚಿಸಿದ ಕಬ್ಬಿಣದ ಒಲೆಯನ್ನು ಕುರಿತು ಅವನು 1744ರಲ್ಲಿ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದ. ಹಿಂದಿನ ಕಾಲುಭಾಗ ಸೌದೆಯಲ್ಲಿ ಕೋಣೆ ಇಮ್ಮಡಿ ಬೆಚ್ಚಗಾಗುವುದೆಂದು ಅವನ ವಾದ. ಪೇಟೆಂಟನ್ನೇ ಒಲ್ಲೆನೆಂದವನ ಮೇಲೆ ಲಾಭದಾಸೆಯ ಆರೋಪ ಹೊರಿಸುವಂತಿಲ್ಲ. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೆ!

ಸ್ವೀಡನ್ನಿನಲ್ಲಿ ಸೌದೆಯ ಅಭಾವ ತಲೆದೋರಿದಾಗ ಸರ್ಕಾರವೇ ಈ ಕೆಲಸಕ್ಕೆ ಕೈಹಾಕಿತು. ಕ್ರೋನ್‌ಸ್ಟೆಟ್ ಮತ್ತು ವ್ರೇಡೆ ಎಂಬಿಬ್ಬರು 1767ರಲ್ಲಿ ಹೊಸ ಒಲೆಯೊಂದನ್ನು ರೂಪಿಸಿದರು. ಹೊಗೆ ನೆಟ್ಟಗೆ ಮೇಲೇರಿ ಹೋಗದೆ, ಇಟ್ಟಿಗೆಯ ನಾಳಗಳಲ್ಲಿ ಹತ್ತಿ ಇಳಿದು, ತನ್ನ ಕಾವನ್ನೆಲ್ಲ ಅಲ್ಲಿಯೇ ಬಿಟ್ಟು ಹೊರಬೀಳುತ್ತಿತ್ತು. ಬೆಂಕಿ ಆರಿದ ಮೇಲೂ ಒಲೆ ಗಂಟೆಗಟ್ಟಲೆ ಬೆಚ್ಚಗಿರುತ್ತಿತ್ತು.

ಇಂಗ್ಲಿಷರಿಗೆ ಮಾತ್ರ ಇದು ರುಚಿಸಲಿಲ್ಲ. ತೆರೆದ ಅಗ್ಗಿಷ್ಟಿಕೆಯಲ್ಲಿ ಕಾವಿನ ಹೆಚ್ಚು ಪಾಲು ಚಿಮಣಿಯ ದಾರಿ ಹಿಡಿಯುತ್ತದೆ. ಕೋಣೆಗೆ ದಕ್ಕುವುದು ಹತ್ತರಲ್ಲಿ ಒಂದೆರಡು ಪಾಲು. 1796ರಲ್ಲಿ ಕೌಂಟ್ ರಂಫರ್ಡ್ ಇದನ್ನು ವಿವರಿಸಿ, ಚಿಮಣಿಯ ಕೊರಳನ್ನು ಕಿರಿದುಮಾಡಿರೆಂದು ಉಪದೇಶಿಸಿದ. ಎಷ್ಟೋ ಮನೆಗಳವರು ಹಾಗೆಯೇ ಮಾಡಿಕೊಂಡರು. ಆದರೆ ಬೆಂಕಿಯನ್ನು ಮುಚ್ಚಿಡಲು ಒಪ್ಪಲಿಲ್ಲ. ಉರಿ ಕಣ್ಣಿಗೆ ಕಾಣಬೇಕು, ಅದರ ಮುಂದೆ ಸಂಸಾರ ಕೂರಬೇಕು. ಕಲ್ಲಿದ್ದಲು ಅಗ್ಗವಾಗಿ ಸಿಕ್ಕುತ್ತಿರುವಾಗ ಈ ಸುಖಕ್ಕೆ ಬೆಲೆ ಕಟ್ಟುವವರಾರು?

ಬೆಲೆ ಕಟ್ಟಿದ್ದು 1952ನೆಯ ಡಿಸೆಂಬರ್. ಯುದ್ಧದಿಂದ ಬಡವಾದ ಬ್ರಿಟನ್ ಉತ್ತಮ ಕಲ್ಲಿದ್ದಲನ್ನು ಪರದೇಶಗಳಿಗೆ ಮಾರಿ ಹಣ ಗಳಿಸಬೇಕಾಗಿತ್ತು. ಮನೆಗಳಿಗೆ ರೇಷನ್ ಇತ್ತು. ರೇಷನ್ನಿನ ಹಂಗಿಲ್ಲದೆ ಸಿಕ್ಕುತ್ತಿದ್ದುದು ಚೂರುಪಾರು ಬೆರೆತ ಅಗ್ಗದ ಪುಡಿ. ಬಡಸಂಸಾರದ ಲೆಕ್ಕದಲ್ಲಿ ಅದೇ ಜಾಣತನ. 5ನೆಯ ತಾರೀಕು ಲಂಡನ್ನಿನಲ್ಲಿ ಗಾಳಿ ನಿಂತಿತು. ಮೇಲೊಂದು ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂತಿತು. ಲಕ್ಷಾಂತರ ಅಗ್ಗಿಷ್ಟಿಕೆಗಳ ಹೊಗೆ, ವಿದ್ಯುದಾಗಾರಗಳ ಹೊಗೆ, ಎಲ್ಲವೂ ಮಂಜಿನಲ್ಲಿ ಕಲೆತು ಬೀದಿಗಿಳಿದುವು. ಚಳಿ ಹೆಚ್ಚಿದಂತೆ ಜನ ಇನ್ನಷ್ಟು ಪುಡಿ ಸುರಿದರು, ಬೇರೇನು ಮಾಡಿಯಾರು? ಐದು ದಿನ ಹೀಗೆಯೇ. ಸತ್ತವರು ಸುಮಾರು 4,000 ಎಂದು ಆಗ ಎಣಿಸಿದರು. ಮುಂದಿನ ಸಂಶೋಧಕರ ಅಂದಾಜು 12,000ದವರೆಗೂ ಏರಿದೆ. ಬಹುಮಂದಿ ಮುದುಕರು, ಎದೆಯ ಕಾಯಿಲೆಯವರು. ಆ ಪುಡಿಯ ಬೆಲೆಚೀಟಿಯಲ್ಲಿ ಇವರ ಪಾಲು ಬರೆದಿರಲಿಲ್ಲ.

1956ರಲ್ಲಿ ಶುದ್ಧವಾಯು ಕಾನೂನು ಬಂತು. ಹೊಗೆ ನಿಷಿದ್ಧವಾದ ಪ್ರದೇಶಗಳಲ್ಲಿ ಒಲೆ ಬದಲಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಬೊಕ್ಕಸ ಹೊತ್ತುಕೊಂಡಿತು. ಇಡೀ ಕಾನೂನಿನಲ್ಲಿ ನನಗೆ ಹಿಡಿಸಿದ ಅಂಶ ಇದೇ: ಗೃಹಸ್ಥನಿಗೆ ಬರಿಯ ದಂಡದ ಬೆದರಿಕೆಯಾಗಿದ್ದರೆ ಅವನು ಚಳಿಯಲ್ಲಿ ನಡುಗಬೇಕಾಗಿತ್ತು, ಇಲ್ಲವೆ ಕದ್ದು ಸುಡಬೇಕಾಗಿತ್ತು.

1965ರಲ್ಲಿ ಉತ್ತರ ಸಮುದ್ರದ ಬ್ರಿಟಿಷ್ ಭಾಗದಲ್ಲಿ ಅನಿಲ ದೊರೆತ ಮೇಲೆ ಅಗ್ಗಿಷ್ಟಿಕೆಯ ಕಾಲ ಮುಗಿಯುತ್ತ ಬಂತು. 1967ರಿಂದ ಹತ್ತು ವರ್ಷ ಕೆಲಸಗಾರರು ಮನೆಮನೆ ಹೊಕ್ಕು ಹಳೆಯ ಅನಿಲದ ಒಲೆಗಳನ್ನು ಈ ಹೊಸ ಅನಿಲಕ್ಕೆ ಹೊಂದಿಸಿದರು. ಹೊಗೆಯುಗುಳುವ ಕಲ್ಲಿದ್ದಲನ್ನು ಮನೆಬಳಕೆಗೆ ಮಾರುವುದು ಇಂಗ್ಲೆಂಡಿನಲ್ಲಿ ಪೂರ್ತಿ ನಿಂತದ್ದು 2023ರ ಮೇ ತಿಂಗಳಲ್ಲಿ.