ಬೇಲಿಗೂ ಕಾವಲು ಬೇಕು

ತಪ್ಪಿತಸ್ಥರನ್ನು ಹಿಡಿಯಲು ಪೊಲೀಸರಿದ್ದಾರೆ. ಪೊಲೀಸರೇ ತಪ್ಪಿ ನಡೆದರೆ ವಿಚಾರಿಸುವವರು ಯಾರು? ಬೇಲಿಯೇ ಎದ್ದು ಹೊಲ ಮೇಯುವುದೆಂಬ ಗಾದೆಯನ್ನು ಕಟ್ಟಿದ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಕರ್ನಾಟಕವು ಅದಕ್ಕೆ ಕಾನೂನಿನ ಮೂಲಕ ಉತ್ತರ ಹುಡುಕಿದ ಬಗೆಯು ಆಡಳಿತದಲ್ಲಿ ನೀತಿಯನ್ನು ಬಯಸುವ ಎಲ್ಲರೂ ಮನನ ಮಾಡತಕ್ಕದ್ದಾಗಿದೆ.

ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ 1984ರ ಲೋಕಾಯುಕ್ತ ಕಾಯಿದೆಯು ರೂಪುಗೊಂಡು, 1986ರಲ್ಲಿ ಆ ಸಂಸ್ಥೆಯು ಕಾರ್ಯಾರಂಭ ಮಾಡಿತು. ನ್ಯಾಯಮೂರ್ತಿ ಎ.ಡಿ. ಕೋಶಲ್ ಪ್ರಥಮ ಲೋಕಾಯುಕ್ತರಾದರು. ಲಂಚದ ಪ್ರಕರಣಗಳ ತನಿಖೆಗೆ ಸಂಸ್ಥೆಗೆ ತನ್ನದೇ ಪೊಲೀಸ್ ವಿಭಾಗವೂ ಇತ್ತು. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಬ್ಯಾಟರಾಯನಪುರ, ಯಲಹಂಕಗಳಂತಹ ಪ್ರದೇಶಗಳಲ್ಲಿ ಹೊಲಗಳು ನಿವೇಶನಗಳಾಗಿ, ಖಾತೆಗೂ ನಕ್ಷೆಗೂ ಕಚೇರಿ ಅಲೆಯಬೇಕಾದ ಸಾಮಾನ್ಯನಿಗೆ ಇಂತಹ ಆಸರೆಯ ಬೆಲೆ ಚೆನ್ನಾಗಿ ತಿಳಿದಿದೆ. ಆದರೆ ಆ ವಿಭಾಗದ ಅಧಿಕಾರಿಗಳು ರಾಜ್ಯ ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು. ಅವರ ಬಡ್ತಿ, ವರ್ಗಾವಣೆಗಳೆಲ್ಲ ಸರ್ಕಾರದ ಕೈಯಲ್ಲಿಯೇ ಇದ್ದವು. ವ್ಯವಸ್ಥೆಯ ದೌರ್ಬಲ್ಯವು ಇಲ್ಲಿಯೇ ಅಡಗಿತ್ತು.

ಸತ್ಯವನ್ನು ಹೊರಗೆಡಹುವವನಿಗೆ ರಕ್ಷಣೆ ಬೇಕೆಂಬುದನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅರಿತಿದ್ದರು. ಬೇಲೇಕೇರಿ ಬಂದರಿನಲ್ಲಿ ಅಕ್ರಮ ಅದಿರನ್ನು ಜಪ್ತಿ ಮಾಡಿದ್ದ ಅರಣ್ಯಾಧಿಕಾರಿಯೊಬ್ಬರನ್ನು ಅಮಾನತುಗೊಳಿಸುವ ಯತ್ನ ನಡೆದಾಗ, 2010ರ ಜೂನ್‌ನಲ್ಲಿ ಅವರು ರಾಜೀನಾಮೆಯನ್ನೇ ಸಲ್ಲಿಸಿ, ಬಳಿಕ ಹಿಂಪಡೆದರು. ಎಲ್ಲರಿಗೂ ಅಂತಹ ಆಸರೆ ದೊರೆಯಲಿಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳ ಅಕ್ರಮಗಳನ್ನು ವರದಿ ಮಾಡಿದ್ದ ಸಹಕಾರ ಲೆಕ್ಕಪರಿಶೋಧನಾಧಿಕಾರಿ ಎಸ್.ಪಿ. ಮಹಾಂತೇಶ್ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ 2012ರ ಮೇ ತಿಂಗಳಲ್ಲಿ ಅಸುನೀಗಿದರು.

2015ರಲ್ಲಿ ಕಾವಲಿನ ಮನೆಯೇ ಪರೀಕ್ಷೆಗೆ ಒಳಗಾಯಿತು. ದಾಳಿಯ ಭಯ ತೋರಿಸಿ, ಲೋಕಾಯುಕ್ತ ಕಚೇರಿಯ ಹೆಸರಿನಲ್ಲಿ ಎಂಜಿನಿಯರರೊಬ್ಬರಿಂದ 1 ಕೋಟಿ ರೂಪಾಯಿ ಕೇಳಲಾಗಿದೆಯೆಂಬ ಮಾಹಿತಿ ಅಲ್ಲಿನ ಪೊಲೀಸ್ ಅಧೀಕ್ಷಕಿ ಸೋನಿಯಾ ನಾರಂಗ್ ಅವರಿಗೆ ತಲುಪಿತು. ಅವರು ಅದನ್ನು ಮುಚ್ಚಿಡದೆ ಲಿಖಿತವಾಗಿ ಸಂಸ್ಥೆಯ ಗಮನಕ್ಕೆ ತಂದರು. ತಾನು ಕೆಲಸ ಮಾಡುವ ಕಚೇರಿಯ ಕಡೆಗೇ ಬೆರಳು ತೋರುವುದು ಸುಲಭದ ಮಾತಲ್ಲ. ಮುಂದೆ ವಿಶೇಷ ತನಿಖಾ ತಂಡ ರಚನೆಯಾಗಿ, ಜುಲೈನಲ್ಲಿ ಅಂದಿನ ಲೋಕಾಯುಕ್ತರ ಪುತ್ರನ ಬಂಧನವಾಯಿತು. ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ನೀಡಿದರು.

ಆ ಪೀಠವು ಒಂದು ವರ್ಷಕ್ಕೂ ಮಿಕ್ಕಿ ಬರಿದಾಗಿತ್ತು. ಆ ಅವಧಿಯಲ್ಲಿಯೇ, 2016ರ ಮಾರ್ಚ್ 14ರಂದು, ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿತು. ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಹಿಂಪಡೆಯಲಾಯಿತು. ಹೊಸ ದಳವು ಮುಖ್ಯಮಂತ್ರಿಗಳ ಅಧೀನದ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಗೆ ಒಳಪಟ್ಟಿತ್ತು. ರೋಗವಿದ್ದುದು ಒಂದು ಕಚೇರಿಯ ನಡತೆಯಲ್ಲಿ. ಚಿಕಿತ್ಸೆಯಾದುದು ಸಂಸ್ಥೆಯ ಸ್ವಾತಂತ್ರ್ಯಕ್ಕೆ. ವಕೀಲರ ಸಂಘವೇ ಮೊದಲಾದವರು ಹೂಡಿದ ಅರ್ಜಿಗಳ ಮೇಲೆ, ನ್ಯಾಯಮೂರ್ತಿಗಳಾದ ಬಿ. ವೀರಪ್ಪ ಮತ್ತು ಕೆ.ಎಸ್. ಹೇಮಲೇಖಾ ಅವರ ಪೀಠವು 2022ರ ಆಗಸ್ಟ್ 11ರಂದು ಆ ಆದೇಶವನ್ನು ರದ್ದುಪಡಿಸಿ, ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಇದೇ ತತ್ತ್ವವನ್ನು ಮುಂದಿಟ್ಟಿತ್ತು. ಪೊಲೀಸರ ವಿರುದ್ಧದ ದೂರುಗಳನ್ನು ಕೇಳಲು ನಿವೃತ್ತ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪ್ರಾಧಿಕಾರಗಳಿರಬೇಕು. ಅಧಿಕಾರಿಗಳಿಗೆ ನಿಶ್ಚಿತ ಅವಧಿಯ ಭದ್ರತೆಯೂ ಇರಬೇಕು ಎಂದು ಅದು ನಿರ್ದೇಶಿಸಿತು. ಮೊದಲನೆಯದು ದೂರುವವನಿಗೆ ಬಲ, ಎರಡನೆಯದು ನಿರ್ಭೀತ ಅಧಿಕಾರಿಗೆ ಬಲ. ಆದರೆ ಅಕ್ರಮವನ್ನು ಬಯಲಿಗೆಳೆಯುವವರ ರಕ್ಷಣೆಗಾಗಿ ಸಂಸತ್ತು ಅಂಗೀಕರಿಸಿದ ಕಾಯಿದೆಯು 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ದಶಕ ಕಳೆದರೂ ಜಾರಿಗೆ ಬರಲಿಲ್ಲ.

ಅಂಗಡಿಯ ಲೆಕ್ಕವನ್ನು ಅದನ್ನು ಬರೆದವನೇ ಪರಿಶೋಧಿಸುವುದನ್ನು ಯಾವ ವ್ಯಾಪಾರಿಯೂ ಒಪ್ಪಲಾರನು. ರಾಜ್ಯದ ಲೆಕ್ಕಕ್ಕೂ ಅದೇ ನಿಯಮವು ಸಲ್ಲತಕ್ಕದ್ದು. ಪರಿಶೋಧಕನು ಸ್ವತಂತ್ರನಾಗಿರಬೇಕು, ತಪ್ಪನ್ನು ಕಂಡು ಹೇಳಿದ ಗುಮಾಸ್ತನು ಕೆಲಸ ಕಳೆದುಕೊಳ್ಳಬಾರದು. ಇವೆರಡರಲ್ಲಿ ಒಂದಿಲ್ಲದಿದ್ದರೆ ಇನ್ನೊಂದೂ ನಿಲ್ಲಲಾರದೆಂಬುದೇ ಲೋಕಾಯುಕ್ತದ ಇತಿಹಾಸವು ಕಲಿಸುವ ಪಾಠ.