ಗಡಿಗಲ್ಲಿನಿಂದ ಗ್ರಂಥದವರೆಗೆ: ಹರ್ಮೀಸ್ ನಡೆದ ದಾರಿ

ಕ್ರಿ.ಪೂ. 415ರಲ್ಲಿ ಒಂದು ಬೆಳಿಗ್ಗೆ ಅಥೆನ್ಸ್ ನಗರದ ಜನ ಎದ್ದು ಬಾಗಿಲು ತೆರೆದಾಗ ಊರಿಗೆ ಊರೇ ಬೆಚ್ಚಿಬಿದ್ದಿತು. ಮನೆಗಳ ಮುಂದೆ, ಗುಡಿಗಳ ಬಾಗಿಲಲ್ಲಿ ನಿಂತಿದ್ದ ಹರ್ಮೀಸ್ ದೇವರ ಕಲ್ಲುಕಂಬಗಳ ಮುಖಗಳನ್ನು ಯಾರೋ ರಾತ್ರೋರಾತ್ರಿ ಒಡೆದುಹಾಕಿದ್ದರು. ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಲು ನೌಕಾಪಡೆ ಸಜ್ಜಾಗಿದ್ದ ಸಮಯ ಅದು. ಪಯಣಿಗರನ್ನು ಕಾಯುವ ದೇವರಿಗೇ ಈ ಗತಿಯಾದರೆ ಪಯಣದ ಗತಿ ಏನು ಎಂಬ ಭಯ ಹಬ್ಬಿತು. ಪ್ರಜಾಪ್ರಭುತ್ವವನ್ನೇ ಉರುಳಿಸುವ ಸಂಚಿದು ಎಂಬ ಗುಮಾನಿಯೂ ಹುಟ್ಟಿತು. ಹಲವರು ಸೆರೆಯಾದರು, ಕೆಲವರಿಗೆ ಮರಣದಂಡನೆಯಾಯಿತು. ಸೇನಾನಿಗಳಲ್ಲೊಬ್ಬನಾದ ಆಲ್ಸಿಬಿಯಾಡಿಸ್ ಮೇಲೂ ಧರ್ಮನಿಂದೆಯ ಆರೋಪ ಬಂತು. ಅವನು ವಿಚಾರಣೆಗೆ ಮರಳದೆ ಶತ್ರುರಾಜ್ಯವಾದ ಸ್ಪಾರ್ಟಾವನ್ನು ಸೇರಿಕೊಂಡ. ಎರಡೇ ವರ್ಷಗಳಲ್ಲಿ ಸಿಸಿಲಿಯಲ್ಲಿ ಅಥೆನ್ಸಿನ ಪಡೆ ನಾಶವಾಯಿತು.

ಇಷ್ಟೊಂದು ಕೋಲಾಹಲಕ್ಕೆ ಕಾರಣನಾದ ಈ ದೇವರು ಗ್ರೀಕ್ ದೇವಲೋಕದಲ್ಲಿ ದೊರೆಯೇನೂ ಅಲ್ಲ, ದೊರೆಯ ದೂತ ಮಾತ್ರ. ಆದರೆ ಕಾಲಾಂತರದಲ್ಲಿ ಈ ದೂತ ಗ್ರಹವಾದ, ಜ್ಞಾನಿಯಾದ, ಕೊನೆಗೆ ಗ್ರಂಥಕರ್ತನೂ ಆದ. ಅವನ ಹೆಸರಿನ ಪುಸ್ತಕಗಳು ಮೋಶೆಯಷ್ಟೇ ಹಳೆಯವೆಂದು ಯೂರೋಪಿನ ಅನೇಕ ಪಂಡಿತರು ಒಂದೂವರೆ ಶತಮಾನ ನಂಬಿದ್ದರು. ಆ ನಂಬಿಕೆ ಹುಟ್ಟಿದ ಬಗೆ, ಮುರಿದ ಬಗೆ ಎರಡೂ ತಿಳಿಯಬೇಕಾದವು.

ಹೊಸ್ತಿಲಿನ ದೇವರು

ಹರ್ಮೀಸ್ ಬಹಳ ಹಳೆಯ ದೇವರು. ಕ್ರಿ.ಪೂ. 13ನೇ ಶತಮಾನದ ಪೈಲಾಸ್ ಅರಮನೆಯ ಜೇಡಿಮಣ್ಣಿನ ಫಲಕಗಳಲ್ಲೇ ಅವನ ಹೆಸರು ಸಿಕ್ಕಿದೆ. ದಾರಿ ತೋರಲು, ಗಡಿ ಗುರುತಿಸಲು ಜನ ಒಟ್ಟುತ್ತಿದ್ದ ಕಲ್ಲುಗುಪ್ಪೆಗೂ ಈ ಹೆಸರಿಗೂ ನಂಟಿದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕಲ್ಲುಗುಪ್ಪೆ ಮುಂದೆ ಚೌಕ ಕಂಬವಾಯಿತು, ಕಂಬಕ್ಕೆ ದೇವರ ತಲೆ ಬಂತು. ಕವಲುದಾರಿ, ಹೊಸ್ತಿಲು, ಗಡಿ ಇವೇ ಅವನ ನೆಲೆಗಳಾದವು.

ಅವನ ಪುರಾಣವೂ ಗಡಿ ದಾಟುವ ಪುರಾಣವೇ. ಜ್ಯೂಸ್ ಮತ್ತು ಮಾಯಾ ಎಂಬ ಅಪ್ಸರೆಗೆ ಅರ್ಕೇಡಿಯಾದ ಗುಹೆಯೊಂದರಲ್ಲಿ ಹುಟ್ಟಿದ ಮಗು ಅದೇ ದಿನ ತೊಟ್ಟಿಲಿನಿಂದ ಇಳಿದು ಆಮೆಚಿಪ್ಪಿನಿಂದ ಲೈರ್ ಎಂಬ ತಂತಿವಾದ್ಯ ಮಾಡಿತಂತೆ. ಸಂಜೆಗೆ ಅಣ್ಣ ಅಪೋಲೋನ ಐವತ್ತು ಹಸುಗಳನ್ನು ಕದ್ದು, ಜಾಡು ತಿಳಿಯದಂತೆ ಹಿಂದುಹಿಂದಾಗಿ ನಡೆಸಿಕೊಂಡು ಹೋಯಿತಂತೆ. ಸಿಕ್ಕಿಬಿದ್ದಾಗ ತಂದೆ ಜ್ಯೂಸ್ ನಕ್ಕುಬಿಟ್ಟ. ವಾದ್ಯವನ್ನು ಅಣ್ಣನಿಗೆ ಕೊಟ್ಟು ರಾಜಿಯಾಯಿತು. ಹೀಗೆ ಕಳ್ಳನಿಗೂ ವ್ಯಾಪಾರಿಗೂ ಮಾತುಗಾರನಿಗೂ ಅವನೇ ದೇವರು. ಹೋಮರನ 'ಇಲಿಯಡ್' ಕಾವ್ಯದಲ್ಲಿ, ಮಗನ ಹೆಣ ಬೇಡಲು ಹೊರಟ ಮುದಿ ದೊರೆ ಪ್ರಯಾಮ್‌ನನ್ನು ಶತ್ರುಪಾಳೆಯದೊಳಗೆ ಕರೆದೊಯ್ಯುವವನು ಹರ್ಮೀಸ್. 'ಒಡಿಸ್ಸಿ'ಯಲ್ಲಿ ಸತ್ತವರ ಆತ್ಮಗಳನ್ನು ಪಾತಾಳಕ್ಕೆ ನಡೆಸುವವನೂ ಅವನೇ.

ಅವನ ಕೈಯ ಕೋಲಿಗೆ ಎರಡು ಹಾವು ಸುತ್ತಿರುತ್ತವೆ. ಅದು ದೂತನ ಗುರುತು. ವೈದ್ಯದೇವತೆ ಆಸ್ಕ್ಲೀಪಿಯಸ್‌ನ ಕೋಲಿಗೆ ಒಂದೇ ಹಾವು. ಅಮೆರಿಕದ ಸೇನೆಯ ವೈದ್ಯದಳ 1902ರಲ್ಲಿ ಎರಡು ಹಾವಿನ ಕೋಲನ್ನೇ ಲಾಂಛನ ಮಾಡಿಕೊಂಡ ಮೇಲೆ ಈ ಎರಡೂ ಜನರ ಮನಸ್ಸಿನಲ್ಲಿ ಬೆರೆತುಹೋಗಿವೆ.

ವರಾಹಮಿಹಿರನ 'ಹೇಮ್ನ'

ಸೂರ್ಯನನ್ನು 88 ದಿನಗಳಲ್ಲಿ ಸುತ್ತುವ ಬುಧ ಎಲ್ಲ ಗ್ರಹಗಳಿಗಿಂತ ಚುರುಕು. ಬ್ಯಾಬಿಲೋನಿನವರು ಅದನ್ನು ಲಿಪಿಕಾರರ ದೇವರಾದ ನಬೂವಿಗೆ ಒಪ್ಪಿಸಿದ್ದರು. ಗ್ರೀಕರು ಆ ಜಾಗಕ್ಕೆ ಹರ್ಮೀಸ್‌ನನ್ನು ತಂದರು. ರೋಮನರಿಗೆ ಅವನು ಮರ್ಕ್ಯುರಿ. ಹರಿದಾಡುವ ಪಾದರಸಕ್ಕೂ ಇದೇ ಹೆಸರು ಅಂಟಿತು. ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಜ್ಯೋತಿಷ ಗ್ರಂಥದಲ್ಲಿ ಈ ಗ್ರಹಕ್ಕೆ ಮಿಥುನ ಮತ್ತು ಕನ್ಯಾ ರಾಶಿಗಳ ಒಡೆತನ ಕೊಟ್ಟ. ಶುಭಗ್ರಹದ ಜೊತೆ ಶುಭ, ಪಾಪಗ್ರಹದ ಜೊತೆ ಪಾಪ ಎಂದು ಅದರ ಸ್ವಭಾವ ಹೇಳಿದ. ಎರಡೂ ಕಡೆ ಓಡಾಡುವ ದೂತನಿಗೆ ಒಪ್ಪುವ ಗುಣವೇ ಅದು.

ಪಂಚಾಂಗ ನೋಡುವವರಿಗೆ ಇದು ಪರಿಚಿತ ಮಾತು. ಕ್ರಿ.ಶ. 6ನೇ ಶತಮಾನದ ವರಾಹಮಿಹಿರನ 'ಬೃಹಜ್ಜಾತಕ' ಬುಧನಿಗೆ ಅದೇ ರಾಶಿಗಳನ್ನು, ಅದೇ ಗುಣವನ್ನು ಹೇಳುತ್ತದೆ. ಅಷ್ಟೇ ಅಲ್ಲ, ಬುಧನ ಹೆಸರುಗಳಲ್ಲಿ 'ಹೇಮ್ನ' ಎಂಬುದನ್ನೂ ಸೇರಿಸುತ್ತದೆ. ಇದು ಹರ್ಮೀಸ್ ಶಬ್ದವೇ ಸಂಸ್ಕೃತಕ್ಕೆ ಬಂದ ರೂಪ. ಸೂರ್ಯನ 'ಹೇಲಿ' ಗ್ರೀಕರ ಹೀಲಿಯೋಸ್, ಕುಜನ 'ಆರ' ಅವರ ಆರೀಸ್. ಹೋರಾ, ಕೇಂದ್ರ ಎಂಬ ಪದಗಳೂ ಹಾಗೆ ಬಂದವೇ. ಗ್ರಹಗಳ ಹೆಸರಿನ ವಾರಗಳು ಭಾರತದ ಶಾಸನಗಳಲ್ಲಿ ಕಾಣಿಸುವುದು ತಡವಾಗಿ. ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ ಕ್ರಿ.ಶ. 484ರ ಶಾಸನ ಗುರುವಾರವನ್ನು ಹೆಸರಿಸುವ ಹಳೆಯ ದಾಖಲೆ. ಆದರೆ ಚಂದ್ರ ಮತ್ತು ತಾರೆಯ ಮಗ, ಪುರೂರವನ ತಂದೆ ಎಂಬ ಬುಧನ ಕಥೆಗೂ ಹರ್ಮೀಸ್‌ಗೂ ಸಂಬಂಧವಿಲ್ಲ. ಕಥೆ ಇಲ್ಲಿಯದೇ, ಲೆಕ್ಕಾಚಾರದಲ್ಲಿ ಮಾತ್ರ ಎರವಲಿದೆ. ವರಾಹಮಿಹಿರ ಆ ಎರವಲನ್ನು ಮುಚ್ಚಿಡಲಿಲ್ಲ.

ಮೂರು ಸಲ ಮಹಾನ್

ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಗ್ರೀಕರು ಅಲ್ಲಿ ಥಾತ್ ಎಂಬ ದೇವರನ್ನು ಕಂಡರು. ಐಬಿಸ್ ಹಕ್ಕಿಯ ತಲೆಯ ಥಾತ್ ಬರವಣಿಗೆಯ, ಲೆಕ್ಕದ, ಮಂತ್ರದ ಒಡೆಯ. ಅವರಿಗೆ ಇವನು ಹರ್ಮೀಸ್ ಎನಿಸಿದ. ಥಾತ್‌ನ ಕ್ಷೇತ್ರಕ್ಕೆ ಹರ್ಮೊಪೊಲಿಸ್ ಎಂದು ಹೆಸರಾಯಿತು. ಈಜಿಪ್ಟಿನವರು 'ಮಹಾನ್' ಎಂಬ ಪದವನ್ನು ಮತ್ತೆ ಮತ್ತೆ ಹೇಳಿ ದೇವರನ್ನು ಹೊಗಳುತ್ತಿದ್ದರು. ಕ್ರಿ.ಪೂ. 196ರ ರೊಸೆಟ್ಟಾ ಶಿಲಾಶಾಸನದ ಗ್ರೀಕ್ ಭಾಗದಲ್ಲೂ ಹರ್ಮೀಸ್‌ಗೆ ಈ ಪದ ಎರಡು ಸಲ ಬಂದಿದೆ. ಮುಂದೆ ಅದೇ 'ಟ್ರಿಸ್‌ಮೆಜಿಸ್ಟಸ್', ಅಂದರೆ ಮೂರು ಪಟ್ಟು ಮಹಾನ್ ಎಂಬ ಬಿರುದಾಯಿತು. ಆ ಹೆಸರಿನಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ದೇವರು, ಮನಸ್ಸು, ಮುಕ್ತಿ ಕುರಿತ ಗುರುಶಿಷ್ಯ ಸಂವಾದಗಳು ಗ್ರೀಕಿನಲ್ಲಿ ರಚನೆಯಾದವು. ಜ್ಯೋತಿಷ, ರಸವಿದ್ಯೆಗಳ ಬರಹಗಳೂ ಅದೇ ಹೆಸರು ಹೊತ್ತವು. ಅರಬ್ ವಿದ್ವಾಂಸರು ಅವನನ್ನು ಪ್ರವಾದಿ ಇದ್ರೀಸರೊಂದಿಗೆ ಗುರುತಿಸಿದರು. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುವುದನ್ನು ಇಂಗ್ಲಿಷಿನಲ್ಲಿ 'ಹರ್ಮೆಟಿಕ್' ಎನ್ನುವುದು ರಸವಾದಿಗಳ ಗಾಜಿನ ಪಾತ್ರೆಗಳಿಂದ ಬಂದದ್ದು.

ಸುಮಾರು 1460ರಲ್ಲಿ ಸನ್ಯಾಸಿಯೊಬ್ಬ ಈ ಸಂವಾದಗಳ ಗ್ರೀಕ್ ಹಸ್ತಪ್ರತಿಯನ್ನು ಮ್ಯಾಸಿಡೋನಿಯದಿಂದ ಇಟಲಿಯ ಫ್ಲಾರೆನ್ಸಿಗೆ ತಂದ. ಅಲ್ಲಿನ ಧನಿಕ ಪ್ರಭು ಕೋಸಿಮೋ ಮೆಡಿಚಿ ಆಗ ಪ್ಲೇಟೋನ ಕೃತಿಗಳನ್ನು ಲ್ಯಾಟಿನ್ನಿಗೆ ತರಲು ಮಾರ್ಸಿಲಿಯೋ ಫಿಚಿನೋ ಎಂಬ ಪಂಡಿತನನ್ನು ನೇಮಿಸಿದ್ದ. ಪ್ಲೇಟೋ ಇರಲಿ, ಮೊದಲು ಹರ್ಮೀಸ್ ಆಗಲಿ ಎಂದು ಆಜ್ಞೆಯಾಯಿತು. ಎಪ್ಪತ್ತು ದಾಟಿದ್ದ ಕೋಸಿಮೋ 1464ರಲ್ಲಿ ತೀರಿಕೊಂಡ. ಅನುವಾದ ಅಷ್ಟರಲ್ಲಿ ಮುಗಿದಿತ್ತು. 1471ರಲ್ಲಿ ಅದು ಅಚ್ಚಾಯಿತು. 1488ರಲ್ಲಿ ಸಿಯೆನಾ ನಗರದ ಕೆಥೆಡ್ರಲ್ಲಿನ ನೆಲಹಾಸಿನ ಮೇಲೆ, ಮೋಶೆಯ ಸಮಕಾಲೀನ ಎಂಬ ಬರಹದೊಡನೆ ಹರ್ಮೀಸ್ ಚಿತ್ರ ಮೂಡಿತು. ಕೊಪರ್ನಿಕಸ್ ಕೂಡ 1543ರ ಗ್ರಂಥದಲ್ಲಿ ಸೂರ್ಯನ ಮಹಿಮೆ ಹೇಳುವಾಗ ಟ್ರಿಸ್‌ಮೆಜಿಸ್ಟಸ್ ಹೆಸರೆತ್ತುತ್ತಾನೆ. ಪ್ಲೇಟೋನ ಮಾತುಗಳು, ಬೈಬಲ್ಲಿನ ನುಡಿಗಳು ಈ ಪುಸ್ತಕದಲ್ಲೂ ಕಂಡಾಗ ಅವರೇ ಇವನಿಂದ ಪಡೆದಿರಬೇಕು ಎಂದು ಓದುಗರು ತರ್ಕಿಸಿದರು.

ಭಾಷೆ ನುಡಿದ ಸಾಕ್ಷ್ಯ

ತರ್ಕವನ್ನು ತಿರುಗಿಸಿ ಹಾಕಿದವನು ಐಸಾಕ್ ಕಾಸೊಬಾನ್. ಜಿನೀವಾದಲ್ಲಿ ನಿರಾಶ್ರಿತರ ಮನೆಯಲ್ಲಿ ಹುಟ್ಟಿದ ಈತ ಆ ಕಾಲದ ದೊಡ್ಡ ಗ್ರೀಕ್ ವಿದ್ವಾಂಸ. 1614ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಕೃತಿ ಕೇಳಿದ ಪ್ರಶ್ನೆಗಳು ಸರಳ. ಮೋಶೆಯ ಕಾಲದವನು ಕ್ರಿ.ಪೂ. 5ನೇ ಶತಮಾನದ ಶಿಲ್ಪಿ ಫಿಡಿಯಾಸ್‌ನ ಹೆಸರು ಹೇಳಿದ್ದು ಹೇಗೆ? ಈಜಿಪ್ಟಿನ ಭಾಷೆಯ ಅನುವಾದವಾದರೆ ಗ್ರೀಕಿನಲ್ಲಿ ಮಾತ್ರ ಸಾಧ್ಯವಾಗುವ ಶ್ಲೇಷೆ ಎಲ್ಲಿಂದ ಬಂತು? ಬಹಳ ತಡವಾಗಿ ಬಳಕೆಗೆ ಬಂದ ಪದಗಳು ಅದರಲ್ಲಿ ಏಕಿವೆ? ಪ್ಲೇಟೋ ಇವನಿಂದ ಪಡೆದದ್ದಲ್ಲ, ಬರೆದವರೇ ಪ್ಲೇಟೋನಿಂದ ಪಡೆದಿದ್ದರು. ಕಾಸೊಬಾನ್ ಅದೇ ವರ್ಷ ತೀರಿಕೊಂಡ.

ನಂಬಿದವರೆಲ್ಲ ಒಡನೆ ಬಿಡಲಿಲ್ಲ. ಹರ್ಮೀಸ್ ಹೆಸರಿನ ರಸವಿದ್ಯೆಯ 'ಪಚ್ಚೆಯ ಫಲಕ'ವನ್ನು ಆಮೇಲೆ ಐಸಾಕ್ ನ್ಯೂಟನ್ ತನಗಾಗಿ ಇಂಗ್ಲಿಷಿಗೆ ಅನುವಾದಿಸಿಕೊಂಡ. 1908ರಲ್ಲಿ ಷಿಕಾಗೋದಲ್ಲಿ 'ಮೂವರು ದೀಕ್ಷಿತರು' ಎಂಬ ಗುಪ್ತನಾಮದಲ್ಲಿ ಬಂದ 'ಕೈಬಾಲಿಯನ್' ಕೂಡ ಪ್ರಾಚೀನ ಹರ್ಮೀಸ್‌ನ ಉಪದೇಶ ಎಂದೇ ಹೇಳಿಕೊಂಡಿತು. ಹಳೆಯದು ಎಂದರೆ ಕೊಳ್ಳುವವರು ಇದ್ದೇ ಇರುತ್ತಾರೆ.

ಆದರೆ ಕಾಸೊಬಾನನ ತೀರ್ಪಿಗೂ ತಿದ್ದುಪಡಿ ಬಂತು. ಈ ಬರಹಗಳು ಕ್ರೈಸ್ತರ ಕೈವಾಡ ಎಂದು ಅವನು ಬಗೆದಿದ್ದ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಣ್ಣಿನ ಜಾಡಿಯಲ್ಲಿ ಸಿಕ್ಕ ಪುಸ್ತಕಗಳಲ್ಲಿ ಹರ್ಮೀಸ್ ಸಂವಾದಗಳೂ ಇದ್ದವು. ಅವು ಈಜಿಪ್ಟಿನ ಜನರ ಸ್ವಂತ ಭಾಷೆಯಾದ ಕಾಪ್ಟಿಕ್‌ನಲ್ಲಿದ್ದವು. ಒಂದಂತೂ ಅದುವರೆಗೆ ಯಾರೂ ಕಾಣದಿದ್ದುದು. ಈ ಚಿಂತನೆಗೆ ಆ ನೆಲದ ಬೇರೂ ಇದೆ ಎಂದು ವಿದ್ವಾಂಸರು ಈಗ ಒಪ್ಪುತ್ತಾರೆ. ಅದು ಮೋಶೆಯ ಕಾಲದ್ದಲ್ಲ, ಹಾಗೆಂದು ಬರಿಯ ಮೋಸವೂ ಅಲ್ಲ. ಎರಡು ಭಾಷೆಗಳ ಗಡಿಯಲ್ಲಿ ಬದುಕಿದ್ದ ಜನ ಬಿಡುಗಡೆಯ ದಾರಿ ಹುಡುಕುತ್ತ ಬರೆದದ್ದು. ಅಷ್ಟು ತಿಳಿದು ಓದಿದರೆ ಅದರ ಬೆಲೆ ಕುಗ್ಗುವುದಿಲ್ಲ. ಕುಗ್ಗುವುದು ಹೊದಿಸಿದ ಹೆಸರಿನ ಬೆಲೆ ಮಾತ್ರ.