ನೋವು ಕೊಲ್ಲುವ ಮದ್ದೇ ನೋವು ತಂದರೆ?

ಸುಮಾರು ದಿನಗಳಿಂದ ಇತ್ತ ತಲೆ ಹಾಕಲಾಗಿರಲಿಲ್ಲ. ಒಂದು ಕಡೆ ರಿಲೀಸ್ ಗಲಾಟೆ, ಇನ್ನೊಂದು ಕಡೆ ಚಿಕ್ಕಮ್ಮನಿಗೆ ತೂಕ ಇಳಿಸುವ ಆಪರೇಷನ್. ಹಿಂದಿನ ದಿನ ಅರಿವಳಿಕೆ ಡಾಕ್ಟರು "ನಿಮ್ಮ ಚಿಕ್ಕಮ್ಮ ಗೊರಕೆ ಹೊಡೀತಾರಾ?" ಅಂತ ಕೇಳಿದಾಗ ನನಗೆ ನಗು ಬಂತು. ಕಾರಣ ತಿಳಿದ ಮೇಲೆ ನಗು ನಿಂತಿತು. ಅವತ್ತಿನಿಂದ ಓದಿದ್ದು ಇದಿಷ್ಟು. ನಿಮ್ಮಲ್ಲಿ ಡಾಕ್ಟರುಗಳಿದ್ದರೆ ತಪ್ಪು ತಿದ್ದಿ.

1960ರಲ್ಲಿ ಬೆಲ್ಜಿಯಂನ ಪೌಲ್ ಯಾನ್ಸನ್ ಮತ್ತು ಸಂಗಡಿಗರು ಫೆಂಟನಿಲ್ ತಯಾರಿಸಿದರು. ಅಫೀಮಿನ ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಪ್ರಬಲ, ಅಳೆಯುವುದೇ ಮೈಕ್ರೋಗ್ರಾಂನಲ್ಲಿ. ಕತ್ತರಿ ಆಡುತ್ತಿರುವಾಗ ಇದನ್ನು ಕೊಟ್ಟರೆ ಎದೆಬಡಿತ, ಬಿಪಿ ಏರುವುದಿಲ್ಲ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. ಈ ಎರಡು ದಾರಿ ಕೂಡಿದಲ್ಲೇ ತೊಡಕು.

ತುಂಬಾ ದಪ್ಪಗಿರುವ ಅನೇಕರಿಗೆ ನಿದ್ದೆಯಲ್ಲಿ ಆಗಾಗ ಉಸಿರು ಕಟ್ಟುತ್ತದೆ. ಗೊರಕೆ ಅದರ ಸುಳಿವು. ಓಪಿಯಾಯ್ಡ್ ಮದ್ದುಗಳು ಮಿದುಳಿನ ಉಸಿರಾಟದ ಕೇಂದ್ರವನ್ನೇ ಮಂಕು ಮಾಡುತ್ತವೆ. ಮತ್ತೆ ಮತ್ತೆ ಕೊಟ್ಟ ಫೆಂಟನಿಲ್ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಎಲ್ಲ ಚೆನ್ನಾಗಾಯ್ತು ಅಂತ ಮನೆಯವರು ಕಾಫಿಗೆ ಹೋದ ಹೊತ್ತಿನಲ್ಲೇ ಒಳಗೆ ಉಸಿರು ನಿಲ್ಲಬಹುದು.

1996ರಲ್ಲಿ ಅಮೆರಿಕದಲ್ಲಿ ರೆಮಿಫೆಂಟನಿಲ್‌ಗೆ ಒಪ್ಪಿಗೆ ಸಿಕ್ಕಿತು. ರಕ್ತದ ಕಿಣ್ವಗಳೇ ಇದನ್ನು ಒಡೆಯುತ್ತವೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಮಾಯ. (ಮೆಮೊರಿ ಲೀಕ್ ಇಲ್ಲದ ಮದ್ದು ಅನ್ನೋಣ!) ಆದರೆ ಬಗ್ ಬೇರೆ ಕಡೆ ಇತ್ತು. 2000ದಲ್ಲಿ ಫ್ರಾನ್ಸಿನ ಗಿನ್ಯಾರ್ ಮತ್ತಿತರರು ಹೊಟ್ಟೆಯ ಆಪರೇಷನ್ ಆದ 50 ಜನರನ್ನು ಗಮನಿಸಿದರು. ಆಪರೇಷನ್ ವೇಳೆ ರೆಮಿಫೆಂಟನಿಲ್ ಹೆಚ್ಚು ಪಡೆದವರಿಗೆ ಆಮೇಲಿನ 24 ಗಂಟೆಗಳಲ್ಲಿ ಸುಮಾರು 59 ಮಿಲಿಗ್ರಾಂ ಮಾರ್ಫಿನ್ ಬೇಕಾಯಿತು, ಕಡಿಮೆ ಪಡೆದವರಿಗೆ 32. ನೋವನ್ನು ತಡೆದ ಮದ್ದೇ ನೋವನ್ನು ಹೆಚ್ಚಿಸಿತ್ತು! ಹೆಚ್ಚಿದ ನೋವಿಗೆ ಮತ್ತೆ ಮಾರ್ಫಿನ್, ಅದರಿಂದ ಮತ್ತೆ ಉಸಿರಿನ ಭಯ.

ತಮಾಷೆ ನೋಡಿ, ಇಂಥ ರೋಗಿಗಳಿಗೆ ಓಪಿಯಾಯ್ಡೇ ಇಲ್ಲದ ಅರಿವಳಿಕೆ ಸಾಕು ಅಂತ ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರಾದ ಯಾನ್ ಮುಲಿಯರ್ ಕೂಡ ಬೆಲ್ಜಿಯಂನವರೇ, ಬ್ರೂಜ್ ಊರಿನ ಡಾಕ್ಟರು. ಕೆಟಮಿನ್, ಲಿಡೋಕೇನ್, ಡೆಕ್ಸ್‌ಮೆಡಿಟೊಮಿಡಿನ್ ಇವೆಲ್ಲ ಸ್ವಲ್ಪ ಸ್ವಲ್ಪ ಬೆರೆಸಿ ಕೊಡುವ ಕ್ರಮ. 2014ರಲ್ಲಿ ಪ್ರಕಟವಾದ, ತೂಕ ಇಳಿಸುವ ಆಪರೇಷನ್ನಿನ 119 ಜನರ ಪರೀಕ್ಷೆಯಲ್ಲಿ ವಾಕರಿಕೆ-ವಾಂತಿ ಶೇ. 37ರಿಂದ 20ಕ್ಕೆ ಇಳಿಯಿತು. ಹೊಲಿಗೆ ಹಾಕಿದ ಜಠರಕ್ಕೆ ಅದು ಸಣ್ಣ ವಿಷಯವಲ್ಲ. ಹಾಗಂತ ಇದೂ ಪೂರ್ತಿ ಸಲೀಸಲ್ಲ. ಬೇರೆ ಆಪರೇಷನ್‌ಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯೊಂದನ್ನು, ಡೆಕ್ಸ್‌ಮೆಡಿಟೊಮಿಡಿನ್ ಪಡೆದ ಕೆಲವರ ಎದೆಬಡಿತ ಅಪಾಯಕ್ಕೆ ಇಳಿದಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು.

ನಮ್ಮ ಡಾಕ್ಟರು ನಡುದಾರಿ ಹಿಡಿದರು. ಫೆಂಟನಿಲ್ ಒಂಚೂರು, ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಮೇಲೆ ಪ್ಯಾರಾಸಿಟಮಾಲ್. ರಾತ್ರಿಯಿಡೀ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ನಾನು ಪಕ್ಕದಲ್ಲಿ ಕೂತು ಅದರ ಬೀಪ್ ಎಣಿಸುತ್ತಿದ್ದೆ. ಬೆಳಗ್ಗೆ ಕಣ್ಣು ಬಿಟ್ಟ ಚಿಕ್ಕಮ್ಮ ಕೇಳಿದ್ದು: "ಗೊರಕೆ ಹೊಡೆದು ನಿನ್ನ ನಿದ್ದೆ ಕೆಡಿಸಿದ್ನೇನೋ?"